ಒಂಟಿ ಮನೆಯ ರಕ್ಷಣೆಗೆ .32 ಸಾಕೇ?

ನಿಮ್ಮ ಪ್ರಶ್ನೆ ಇದು: ಮೂಡಿಗೆರೆ ಕಡೆ ಕಾಫಿ ತೋಟದ ನಡುವೆ ಒಂಟಿ ಮನೆ, ಕೈಕೋವಿಗೆ ಲೈಸೆನ್ಸ್ ಮಂಜೂರಾಗಿದೆ, .22, .32, .357 ಈ ಬೋರ್‌ಗಳಲ್ಲಿ (ಬೋರ್ ಎಂದರೆ ನಳಿಗೆಯ ಒಳ ಅಗಲ, ಇಲ್ಲಿ ಇಂಚಿನ ಲೆಕ್ಕ) ಯಾವುದನ್ನು ಕೊಳ್ಳಬೇಕು? 9 ಎಂಎಂ ಅಥವಾ .45 ಇಲ್ಲದಿದ್ದರೆ ಇಟ್ಟುಕೊಂಡೂ ಪ್ರಯೋಜನವಿಲ್ಲ ಎಂದು ಎಲ್ಲೋ ಓದಿ ಗೊಂದಲದಲ್ಲಿದ್ದೀರಿ. ನಾನು ಸಕಲೇಶಪುರದ ಕಡೆಯವನು, ಹದಿನೇಳು ವರ್ಷದಿಂದ ಮನೆಯಲ್ಲಿ ಕೈಕೋವಿ ಇದೆ. .32 ರಿವಾಲ್ವರ್ ಕೊಳ್ಳಿ ಎನ್ನುವುದು ನನ್ನ ಉತ್ತರ. ಏಕೆ ಎಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲು 9 ಎಂಎಂ ಆಸೆ ಬಿಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅದು ನಿಷೇಧಿತ ಬೋರ್. ಸೇನೆ ಮತ್ತು ಪೊಲೀಸರು ಬಳಸುವ ತೋಟೆ ನಾಗರಿಕರ ಕೈಗೆ ಸಿಗಬಾರದು ಎಂಬ ಲೆಕ್ಕದಲ್ಲಿ 9 ಎಂಎಂ, .38 ಎಲ್ಲ ಆ ಪಟ್ಟಿಗೆ ಸೇರಿವೆ. ಅದಕ್ಕೆ ಅನುಮತಿ ಕೊಡುವುದು ಕೇಂದ್ರ ಗೃಹ ಸಚಿವಾಲಯ. ನಿಮ್ಮ ಜಿಲ್ಲಾಧಿಕಾರಿ ಕೊಟ್ಟ ಲೈಸೆನ್ಸಿಗೆ ಅದು ಬರುವುದಿಲ್ಲ. .357 ಕಾನೂನಿನ ಪ್ರಕಾರ ಸಿಗಬಹುದು. ಆದರೆ 1980ರ ದಶಕದ ಮಧ್ಯದಿಂದ ಸಾಮಾನ್ಯ ನಾಗರಿಕರಿಗೆ ವಿದೇಶಿ ಕೋವಿಯ ಆಮದು ನಿಂತುಹೋಗಿದೆ. ಹಾಗಾಗಿ ಹಳೆಯ ಮಾಲು ಕೈಯಿಂದ ಕೈಗೆ ಲಕ್ಷಗಟ್ಟಲೆ ಬೆಲೆಗೆ ಮಾರಾಟವಾಗುತ್ತದೆ, ಅದರ ತೋಟೆಗೂ ಪರದಾಟ. .22 ಅಭ್ಯಾಸಕ್ಕೆ ಬಹಳ ಒಳ್ಳೆಯದು, ಹಾರಿಸಿದಾಗ ಕೈಗೆ ಒದೆಯುವುದೇ ಇಲ್ಲ ಎನ್ನಬಹುದು. ಆದರೆ ಅದರ ಕಿಡಿಮದ್ದು ತೋಟೆಯ ಬುಡದ ಅಂಚಿನೊಳಗೆ ಇರುತ್ತದೆ. ಆ ಅಂಚಿನ ಸುತ್ತ ಮದ್ದು ಸಮನಾಗಿ ಕೂರದಿದ್ದರೆ ಈಡು ಹಾರುವುದಿಲ್ಲ. ಜೀವ ಉಳಿಸಿಕೊಳ್ಳಲು ಅದನ್ನು ನೆಚ್ಚಿಕೊಳ್ಳಲಾರೆ.

ಉಳಿದದ್ದು .32. ಅದು ದುರ್ಬಲವೇ ಎಂದು ಕೇಳಿದರೆ, ಹೌದು. ಪಿಸ್ತೂಲಿನ .32 ಗುಂಡಿನ ತೂಕ ಸುಮಾರು 4.6 ಗ್ರಾಂ, ಶಕ್ತಿ 175 ಜೂಲಿನ ಆಸುಪಾಸು. 9 ಎಂಎಂ ಗುಂಡಿಗೆ ಸುಮಾರು 460 ಜೂಲ್. ರಿವಾಲ್ವರಿನ .32 ಗುಂಡು ಇನ್ನಷ್ಟು ಭಾರ, ಆದರೆ ನಿಧಾನ. ಶಕ್ತಿ 150ರ ಹತ್ತಿರ. ಈ ಅಂಕಿಗಳನ್ನು ನೋಡಿ ನಾನೂ ಒಂದು ಕಾಲದಲ್ಲಿ ತಲೆ ಕೆಡಿಸಿಕೊಂಡಿದ್ದೆ.

ನೀವು ಓದಿದ 9 ಎಂಎಂ, .45 ಜಗಳ ಅಮೆರಿಕದ್ದು. ಅದರ ಹಿಂದೆ ಒಂದು ಕಥೆಯಿದೆ. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಇಬ್ಬರು ದರೋಡೆಕೋರರೊಂದಿಗೆ ನಡೆದ ಗುಂಡಿನ ಕಾಳಗದಲ್ಲಿ ಎಫ್‌ಬಿಐ ತನ್ನ ಇಬ್ಬರು ಅಧಿಕಾರಿಗಳನ್ನು ಕಳೆದುಕೊಂಡಿತು. ಒಬ್ಬ ದರೋಡೆಕೋರನಿಗೆ ತಗುಲಿದ 9 ಎಂಎಂ ಗುಂಡು ಅವನ ತೋಳನ್ನು ತೂರಿ, ಎದೆಗೆ ಇಳಿದು, ಹೃದಯಕ್ಕೆ ಸುಮಾರು ಒಂದಂಗುಲ ದೂರದಲ್ಲೇ ನಿಂತಿತ್ತು. ಅವನು ಆಮೇಲೂ ಗುಂಡು ಹಾರಿಸುತ್ತಲೇ ಇದ್ದ. ಆ ಬಳಿಕ ಇಲಾಖೆ ದೊಡ್ಡ ಬೋರಿನ ಬೆನ್ನು ಹತ್ತಿತು: ಮೊದಲು 10 ಎಂಎಂ, ಅದರ ಒದೆತ ಅತಿಯಾಯಿತೆಂದು ಅದನ್ನು ತಗ್ಗಿಸಿ 1990ರಲ್ಲಿ ಬಂದ .40. ಕಾಲು ಶತಮಾನದ ನಂತರ ಮತ್ತೆ 9 ಎಂಎಂಗೇ ಮರಳಿತು. ಗುಂಡಿನ ತಯಾರಿಕೆ ಸುಧಾರಿಸಿತ್ತು ಎನ್ನುವುದು ಒಂದು ಕಾರಣ. ಕಡಿಮೆ ಒದೆಯುವ ಕೋವಿಯಲ್ಲಿ ಹೆಚ್ಚಿನವರು ಬೇಗ ಗುರಿ ಮುಟ್ಟುತ್ತಾರೆ ಎನ್ನುವುದು ಇನ್ನೊಂದು. ನಿಜವಾದ ಕಾಳಗದಲ್ಲಿ ಪೊಲೀಸರು ಹಾರಿಸುವ ನೂರು ಗುಂಡುಗಳಲ್ಲಿ ಎಪ್ಪತ್ತರಿಂದ ಎಂಬತ್ತು ಗುರಿ ತಪ್ಪುತ್ತವೆ ಎಂದೂ ಅವರೇ ಬರೆದುಕೊಂಡಿದ್ದಾರೆ. ತರಬೇತಿ ಪಡೆದವರ ಪಾಡೇ ಹೀಗಾದರೆ ನನ್ನ ನಿಮ್ಮ ಪಾಡೇನು?

ರೈಫಲ್ ಕ್ಲಬ್ಬಿನ ಮೊದಲ ದಿನ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಹತ್ತು ಮೀಟರ್ ದೂರದಲ್ಲಿ ಬಾಗಿಲಿನಷ್ಟು ದೊಡ್ಡ ಹಲಗೆ, ನಡುವೆ ಕಾಗದ. ಆರು ಈಡು ಹೊಡೆದೆ, ಕಾಗದಕ್ಕೆ ಬಿದ್ದದ್ದು ಎರಡು. ಉಳಿದವೆಲ್ಲ ಕೆಳಗೆ, ಎಡಕ್ಕೆ. ರಿವಾಲ್ವರಿನ ಟ್ರಿಗರ್ ಬಿಗಿ. ಪೂರ್ತಿ ಎಳೆಯುವಷ್ಟರಲ್ಲಿ ನಳಿಗೆಯ ತುದಿ ತಗ್ಗಿಬಿಡುತ್ತಿತ್ತು. ಅಲ್ಲಿನ ಗುರುಗಳು ತೋಟೆಗಳನ್ನು ತೆಗೆಸಿ, ನಳಿಗೆಯ ಮೇಲೆ ಒಂದು ನಾಣ್ಯ ಇಟ್ಟು, ಅದು ಬೀಳದಂತೆ ಟ್ರಿಗರ್ ಎಳೆಯುವುದನ್ನು ಕಲಿ ಎಂದರು. ಮೂರು ವಾರ ಬರೀ ಅದೇ. ನಾಲ್ಕನೆಯ ವಾರ ಆರಕ್ಕೆ ಐದು ಕಾಗದಕ್ಕೆ ಬಿದ್ದವು. ಬೋರ್ ಬದಲಾಗಿರಲಿಲ್ಲ. ತಪ್ಪಿದ .357ಕ್ಕಿಂತ ತಗುಲಿದ .32 ಮೇಲು ಎಂದು ನಾನು ಹೇಳುವುದು ಈ ಅನುಭವದಿಂದ.

ಈಗ ರಿವಾಲ್ವರೋ ಪಿಸ್ತೂಲೋ ಎಂಬ ಮಾತು. ಎರಡಕ್ಕೂ .32 ಎಂದೇ ಹೆಸರಿದ್ದರೂ ತೋಟೆ ಬೇರೆ ಬೇರೆ, ಅಂಗಡಿಯಲ್ಲಿ ಇದನ್ನು ಗಮನಿಸಿ. ರಿವಾಲ್ವರಿನದು ಉದ್ದ, ಬುಡದಲ್ಲಿ ಅಗಲವಾದ ಅಂಚು ಇರುತ್ತದೆ, ಪಿಸ್ತೂಲಿನದು ಗಿಡ್ಡ. ಒಂದನ್ನು ಇನ್ನೊಂದಕ್ಕೆ ತುರುಕಬಾರದು. ಪಿಸ್ತೂಲು ಚಪ್ಪಟೆ, ಸೊಂಟಕ್ಕೆ ಹಿತ. ಆದರೆ ತೋಟೆ ಕೈಕೊಟ್ಟರೆ ಮೇಲಿನ ಭಾಗವನ್ನು ಎರಡು ಕೈಯಲ್ಲಿ ಹಿಂದಕ್ಕೆ ಎಳೆದು ಅದನ್ನು ಹೊರಹಾಕಬೇಕು. ರಿವಾಲ್ವರಿನಲ್ಲಿ ಮತ್ತೊಮ್ಮೆ ಟ್ರಿಗರ್ ಎಳೆದರಾಯಿತು, ಮುಂದಿನ ತೋಟೆ ತಾನಾಗಿ ಎದುರು ಬರುತ್ತದೆ. ನಮ್ಮ ಮಲೆನಾಡಿನಲ್ಲಿ ಇದು ಸಣ್ಣ ವಿಷಯವಲ್ಲ. ಒಂದು ಮಳೆಗಾಲ ನಾನು ತೋಟೆಗಳನ್ನು ಚರ್ಮದ ಪಟ್ಟಿಯಲ್ಲೇ ಬಿಟ್ಟಿದ್ದೆ. ಸೆಪ್ಟೆಂಬರಿನಲ್ಲಿ ತೆಗೆದರೆ ಹಿತ್ತಾಳೆಯ ಮೇಲೆ ಹಸಿರು ಕಿಲುಬು, ಉಗುರಿನಿಂದ ಕೆರೆದರೂ ಹೋಗದಷ್ಟು. ಮೈದಾನದಲ್ಲಿ ಹೊಡೆದು ನೋಡಿದಾಗ ಆರರಲ್ಲಿ ಒಂದು ಟಕ್ ಎಂದು ಸುಮ್ಮನಾಯಿತು. ಅದು ಅಭ್ಯಾಸವಾದ್ದರಿಂದ ಗುರುಗಳು ಕೋವಿಯನ್ನು ಹಲಗೆಯತ್ತಲೇ ಹಿಡಿಸಿ ಅರ್ಧ ನಿಮಿಷ ಕಾಯಿಸಿದರು, ತಡವಾಗಿ ಹಾರುವುದೂ ಉಂಟಲ್ಲ. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಈಗ ತೋಟೆಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಇಡುತ್ತೇನೆ, ಹಳೆಯದನ್ನು ಅಭ್ಯಾಸಕ್ಕೆ ಮುಗಿಸಿ ಹೊಸದನ್ನು ತುಂಬುತ್ತೇನೆ. ಎಷ್ಟು ಕೊಳ್ಳಬಹುದೆಂಬ ಮಿತಿ ಲೈಸೆನ್ಸಿನಲ್ಲೇ ಇರುತ್ತದೆ, ಅದಕ್ಕೆ ತಕ್ಕಂತೆ ವರ್ಷದ ಲೆಕ್ಕ ಹಾಕಿಕೊಳ್ಳಿ.

ಮಾದರಿಯ ವಿಚಾರದಲ್ಲಿ ಹಗುರ ಕಂಡೊಡನೆ ಮರುಳಾಗಬೇಡಿ. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆಯಿಂದ ಬಂದ ನಿರ್ಭೀಕ್ ರಿವಾಲ್ವರ್ ಸುಮಾರು 500 ಗ್ರಾಂ, ಕೈಚೀಲದಲ್ಲಿ ಒಯ್ಯುವವರಿಗೆ ಅನುಕೂಲ. 2023ರಲ್ಲಿ ಬಂದ ಪ್ರಬಲ್ 700 ಗ್ರಾಂ ಹತ್ತಿರ, ತೋಟೆ ತುಂಬುವ ಸಿಲಿಂಡರ್ ಪಕ್ಕಕ್ಕೆ ಹೊರಳುತ್ತದೆ. ಕೋವಿ ಹಗುರವಾದಷ್ಟೂ ಅದೇ ತೋಟೆ ಹೆಚ್ಚು ಒದೆಯುತ್ತದೆ. ನಿಮ್ಮದು ಮನೆಯಲ್ಲಿ ಇಡುವ ಕೋವಿ, ಭಾರವಿದ್ದರೆ ನಷ್ಟವೇನೂ ಇಲ್ಲ.

ಕಾನೂನಿನ ಮಾತು ಎರಡೇ ಸಾಲು. ಆತ್ಮರಕ್ಷಣೆಯ ಹಕ್ಕು ಈಗ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಸೆಕ್ಷನ್‌ಗಳಲ್ಲಿದೆ. ರಕ್ಷಣೆಗೆ ಬೇಕಾದಷ್ಟಕ್ಕಿಂತ ಹೆಚ್ಚು ಹಾನಿ ಮಾಡಬಾರದು ಎನ್ನುವುದು 37ರಲ್ಲಿದೆ. ಕೋವಿ ತರುವ ಮೊದಲೇ ಒಬ್ಬ ವಕೀಲರ ಬಳಿ ಕುಳಿತು ಅವನ್ನು ಓದಿಸಿಕೊಳ್ಳಿ.

ಇನ್ನೊಂದು, ಚುನಾವಣೆ ಘೋಷಣೆಯಾದಾಗ ಸಾಮಾನ್ಯವಾಗಿ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡಲು ಹೇಳುತ್ತಾರೆ. ಆ ಒಂದೂವರೆ ಎರಡು ತಿಂಗಳು ಮನೆಯನ್ನು ಕಾಯುವುದು ಗಟ್ಟಿ ಬಾಗಿಲು, ಅಂಗಳದ ದೀಪ, ಎರಡು ನಾಯಿ. ಅವನ್ನು ರಿವಾಲ್ವರಿಗಿಂತ ಮೊದಲು ಮಾಡಿಸಿ. ವಾಪಸ್ ತಂದ ದಿನ ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿ, ತುಕ್ಕು ಹಿಡಿದಿದ್ದರೆ ಎಣ್ಣೆ ಬಟ್ಟೆ ಎಳೆದು ಒರೆಸಿದ ಮೇಲೆಯೇ ತೋಟೆ ತುಂಬಿ.