ಹೇಳಿದ್ದಷ್ಟೇ ಮಾಡಿ ಸಾಕಾಗೋಯ್ತು ಅಕ್ಕಾ

ಶಿರಸಿಯಿಂದ ಒಬ್ಳು ಹುಡುಗಿ ಬರ್ದಿದಾಳೆ. ಬಿಕಾಂ ಆಗಿದೆ, ಆರು ವರ್ಷದಿಂದ ಅಡಿಕೆ ವ್ಯಾಪಾರದ ಆಫೀಸಲ್ಲಿ ಕಂಪ್ಯೂಟರ್ ಮುಂದೆ, ಚಾಲಿ ಅಡಿಕೆನೋ ರಾಶಿ ಅಡಿಕೆನೋ, ಎಷ್ಟು ಚೀಲ, ಎಷ್ಟು ತೂಕ, ಏನು ರೇಟು ಅಂತ ಹೊಡೆದು ಪಟ್ಟಿ ಪ್ರಿಂಟ್ ತೆಗೆಯೋದು. ಏನಾದ್ರೂ ಹೇಳೋಕೆ ಹೋದ್ರೆ ‘ನಿಂಗೆ ಹೇಳಿದ್ದಷ್ಟು ಮಾಡು’ ಅಂತಾರೆ. ಬೆಂಗಳೂರಿಗೆ ಹೋಗೋಣ ಅಂದ್ರೆ ಅಮ್ಮ ಒಬ್ರೇ, ತೋಟ ಬೇರೆ ಇದೆ.

ತಂಗಿ, ಬೆಂಗಳೂರು ಆಮೇಲೆ. ಪಟ್ಟಿ ಕೈಗೆ ಸಿಕ್ಕ ಕೂಡ್ಲೇ ರೈತರೆಲ್ಲ ‘ಇದೆಂತ ಕಡಿತ?’ ಅಂತ ಕೇಳ್ತಾರೆ, ಅದಕ್ಕೇ ಅರ್ಧ ದಿನ ಹೋಗತ್ತೆ ಅಂತ ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿದೀಯ ನೋಡು, ನಾನು ಅಲ್ಲೇ ನಿಂತೆ. ಆರು ವರ್ಷ ಆ ಪ್ರಶ್ನೆ ಕೇಳಿಸಿಕೊಂಡಿದ್ದು ನೀನು, ಒಳಗೆ ಕೂತ ಸಾಹೇಬ್ರಲ್ಲ.

ನಾನು ಕಾರವಾರದಲ್ಲಿ ಒಂದು ಆಫೀಸಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಜೋಯಿಡಾ ಕಡೆಯಿಂದ ಅಣಶಿ ಘಟ್ಟ ಇಳಿದು ಬಂದ ಒಬ್ರು ಅಜ್ಜನ್ನ ಒಂದು ಜೆರಾಕ್ಸ್ ಕಮ್ಮಿ ಅಂತ ವಾಪಸ್ ಕಳಿಸಿದ್ರು. ಒದ್ದೆ ಕೊಡೆ ಮಡಚಿಕೊಂಡು, ಒಂದು ಮಾತೂ ಆಡದೆ ಹೋದ್ರು ಅವ್ರು. ಮರುದಿನ ಏನೇನು ಕಾಗದ ತರಬೇಕು ಅಂತ ದಪ್ಪ ಅಕ್ಷರದಲ್ಲಿ ಬರೆದು ಕಿಟಕಿಗೆ ಅಂಟಿಸಿದೆ, ಯಾರ ಪರ್ಮಿಷನ್ನೂ ಕೇಳ್ಲಿಲ್ಲ, ಯಾರೂ ಕಿತ್ತೂ ಹಾಕ್ಲಿಲ್ಲ. ಆವತ್ತಿಂದ ಆ ಕಿಟಕಿ ನಂದು ಅನ್ನಿಸ್ತು.

ಆಮಿ ವ್ರೆಸ್ನೆವ್ಸ್ಕಿ, ಜೇನ್ ಡಟನ್ ಅಂತ ಅಮೆರಿಕದ ಇಬ್ರು ಸಂಶೋಧಕರು 2001ರಲ್ಲಿ ಇದಕ್ಕೆ, ಅಂದ್ರೆ ಇರೋ ಕೆಲಸವನ್ನೇ ನಾವೇ ಸ್ವಲ್ಪ ತಿದ್ದಿ ನಮ್ದು ಮಾಡ್ಕೊಳ್ಳೋದಕ್ಕೆ, ಜಾಬ್ ಕ್ರಾಫ್ಟಿಂಗ್ ಅಂತ ಹೆಸರಿಟ್ರು. ಆಸ್ಪತ್ರೆ ಕ್ಲೀನಿಂಗ್‌ನವ್ರನ್ನ ಮಾತಾಡಿಸಿದಾಗ ಕೆಲವ್ರಿಗೆ ಅದು ಗುಡಿಸಿ ಒರೆಸೋ ಕೆಲಸ ಅಷ್ಟೇ, ಇನ್ನು ಕೆಲವ್ರು ರೋಗಿಗಳ ಹತ್ರ, ಅವರ ಮನೆಯವ್ರ ಹತ್ರ ಮಾತಾಡ್ತಾ, ಹುಷಾರು ಮಾಡೋದ್ರಲ್ಲಿ ನಮ್ದೂ ಪಾಲಿದೆ ಅಂತಿದ್ರಂತೆ. ಕೆಲಸ ಅದೇ.

ನೀನು ಮಾಡಬೇಕಾದ್ದು ಇಷ್ಟು. ಹಮಾಲಿ ಎಷ್ಟು, ಚೀಲದ ತೂಕ ಅಂತ ಎಷ್ಟು ಕಳೀತಾರೆ, ಸಾಲದ ಕಂತು ಎಲ್ಲಿ ಕಾಣತ್ತೆ ಅಂತ ಅರ್ಧ ಪುಟದಲ್ಲಿ, ನಮ್ಮೂರ ಮಾತಲ್ಲೇ ಬರಿ. ಆದ್ರೆ ಇದು ದುಡ್ಡಿನ ಲೆಕ್ಕ, ನನ್ನ ಥರ ಕೇಳದೇ ಅಂಟಿಸ್ಬೇಡ. ‘ಹೀಗೆ ಮಾಡ್ಲಾ ಸರ್’ ಅಂತ ಬರಿಗೈಲಿ ಹೋದ್ರೆ ಬೇಡ ಅನ್ನೋದು ಸುಲಭ, ಅದಕ್ಕೇ ಬರೆದಿದ್ದನ್ನೇ ಮುಂದಿಟ್ಟು ಹದಿನೈದು ದಿನ ಮಾತ್ರ ನೋಡೋಣ ಅನ್ನು. ಮೊದಲು ದಿನಕ್ಕೆ ಎಷ್ಟು ಜನ ಕೇಳ್ತಿದ್ರು, ಆಮೇಲೆ ಎಷ್ಟು ಅಂತ ನಿನ್ನ ಡೈರೀಲಿ ಗುರುತು ಹಾಕ್ತಾ ಬಾ, ಸಂಬಳದ ಮಾತು ಎತ್ತುವಾಗ ಆ ಡೈರಿ ಕೈಲಿರ್ಲಿ. ಹಾಂ, ಇದರ ಹೆಸರಲ್ಲಿ ರಾತ್ರಿ ಎಂಟರ ತನಕ ಕೂರಿಸಿಕೊಂಡ್ರೆ ಕೂರಬೇಡ, ನಿನ್ನ ಬಸ್ಸಿಗೆ ನೀನು ಹೊರಡು.

ಸುಗ್ಗಿ ಮುಗಿಯೋ ತನಕ ಇಂಥ ಎರಡು ಮೂರು ಮಾಡಿ ನೋಡು. ಎಲ್ಲದಕ್ಕೂ ಬಾಗಿಲು ಹಾಕಿದ್ರೆ ಆವಾಗ ಬರಿ, ಶಿರಸಿಯಲ್ಲೇ ಬೇರೆ ಎಲ್ಲಿ ಕೇಳಬಹುದು ಅಂತ ಇಬ್ರೂ ಕೂತು ನೋಡೋಣ.