ದೋಣಿಯಿಂದ ಕಡಲಹಕ್ಕಿಗಳ ಛಾಯಾಗ್ರಹಣ

ಪ್ರಶ್ನೆ: ಮಗಳು ಎಡಿನ್‌ಬರೋದಲ್ಲಿದ್ದಾಳೆ. ಬರುವ ಜೂನ್‌ನಲ್ಲಿ ಅಲ್ಲಿಗೆ ಹೋದಾಗ ಬಾಸ್ ರಾಕ್ ದ್ವೀಪವನ್ನು ಬೋಟಿನಲ್ಲಿ ಸುತ್ತಿ ಹಕ್ಕಿಗಳ ಚಿತ್ರ ತೆಗೆಯುವ ಆಸೆಯಿದೆ. ನನ್ನಲ್ಲಿ 100–400 ಮಿ.ಮೀ. ಜೂಮ್ ಲೆನ್ಸ್ ಇದೆ. 600 ಮಿ.ಮೀ. ಲೆನ್ಸನ್ನು ಬಾಡಿಗೆಗೆ ತರಬೇಕೆ? ಟ್ರೈಪಾಡ್ ಬೇಕೆ? ಮಲ್ಪೆಯಲ್ಲಿ ಮೊದಲೇ ಅಭ್ಯಾಸ ಮಾಡಬಹುದೆ?
– ಓದುಗರೊಬ್ಬರು, ಉಡುಪಿ

ಉತ್ತರ: ಎರಡೂ ಬೇಡ. ಬಾಸ್ ರಾಕ್‌ನಲ್ಲಿ ಗೂಡು ಕಟ್ಟುವ ಗ್ಯಾನೆಟ್ ಎಂಬ ದೊಡ್ಡ ಬಿಳಿ ಕಡಲಹಕ್ಕಿಯ ರೆಕ್ಕೆಯಗಲವೇ ಸುಮಾರು 1.8 ಮೀಟರ್. ಬೋಟು ಬಂಡೆಯ ಸಮೀಪಕ್ಕೆ ಬಂದಾಗ ಅವು ತಲೆಯ ಮೇಲೆಯೇ ಹಾರುವುದರಿಂದ, 600 ಮಿ.ಮೀ. ಲೆನ್ಸಿನಲ್ಲಿ ಹಕ್ಕಿಯನ್ನು ಹುಡುಕುವುದರಲ್ಲೇ ಸಮಯ ಕಳೆದುಹೋಗುತ್ತದೆ. ಟ್ರೈಪಾಡ್ ಎಂಜಿನ್ನಿನ ನಡುಕವನ್ನು ನೇರವಾಗಿ ಕ್ಯಾಮೆರಾಕ್ಕೆ ಮುಟ್ಟಿಸುತ್ತದೆ. ಇದೇ ಕಾರಣಕ್ಕೆ ಬೋಟಿನ ಕಂಬಿಗೆ ಮೊಣಕೈ ಊರಲೂಬಾರದು. ಮೊಣಕಾಲನ್ನು ತುಸು ಮಡಿಸಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು ನಿಂತರೆ ಅಲೆಯ ಏರಿಳಿತವನ್ನು ದೇಹವೇ ತಾಳಿಕೊಳ್ಳುತ್ತದೆ. ಷಟರ್ ವೇಗ 1/2000 ಸೆಕೆಂಡಿಗಿಂತ ಕಡಿಮೆಯಾಗದಿರಲಿ. ಮೀನಿಗಾಗಿ ನೀರಿಗೆ ಧುಮುಕುವ ಹಕ್ಕಿಗೆ 1/3200 ಬೇಕು. ಅದಕ್ಕಾಗಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಏರಿಸಲು ಹಿಂಜರಿಯಬೇಡಿ.

ಹೆಚ್ಚಿನವರ ಚಿತ್ರ ಕೆಡುವುದು ಬೆಳಕಿನ ಲೆಕ್ಕದಲ್ಲಿ. ಗ್ಯಾನೆಟ್ ಬೆಳ್ಳಗಿದೆ, ಬಂಡೆ ಕಪ್ಪಾಗಿದೆ. ಹಕ್ಕಿ ಬಂಡೆಯ ಮುಂದೆ ಹಾರಿದಾಗ ಕ್ಯಾಮೆರಾ ಕಪ್ಪನ್ನು ನೋಡಿ ಬೆಳಕನ್ನು ಹೆಚ್ಚಿಸುತ್ತದೆ, ಬಿಳಿ ಗರಿಯ ಒಂದೊಂದು ಎಳೆಯೂ ಅಳಿಸಿಹೋಗುತ್ತದೆ. ಅದೇ ಹಕ್ಕಿ ಆಕಾಶಕ್ಕೆ ಏರಿದ ಕೂಡಲೇ ಬೆಳಕನ್ನು ತಗ್ಗಿಸಿ ಬಿಳಿಯನ್ನು ಬೂದು ಮಾಡುತ್ತದೆ. ಆದ್ದರಿಂದ ಮ್ಯಾನ್ಯುಯಲ್ ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣವನ್ನು ನಾವೇ ನಿಗದಿ ಮಾಡುವ ವಿಧಾನ) ಇಟ್ಟುಕೊಂಡು, ಬಿಸಿಲಿನಲ್ಲಿರುವ ಒಂದು ಹಕ್ಕಿಯ ಬೆನ್ನು ಚಿತ್ರದಲ್ಲಿ ಅತಿಬೆಳಕಿಗೆ ಬಿಳಿಚಿಹೋಗದಂತೆ ಮೊದಲೇ ಹೊಂದಿಸಿ, ಮೋಡ ಕವಿದಾಗ ಮಾತ್ರ ಬದಲಿಸಿ. ಗಾಳಿ ನಿಮ್ಮ ಬೆನ್ನ ಕಡೆಯಿಂದ ಬೀಸುವ ಪಕ್ಕದಲ್ಲಿ ಜಾಗ ಹಿಡಿಯಿರಿ, ಏಕೆಂದರೆ ಹಕ್ಕಿಗಳು ಗಾಳಿಗೆ ಎದುರಾಗಿ ಇಳಿಯುವುದರಿಂದ ಅವುಗಳ ಮುಖ ನಿಮ್ಮ ಕಡೆಗಿರುತ್ತದೆ.

ಕಣ್ಣನ್ನು ಸ್ಪಷ್ಟವಾಗಿ ಹಿಡಿಯಲು ವಿಶೇಷ ಪ್ರಯತ್ನ ಮಾಡಿ. ಗ್ಯಾನೆಟ್‌ನ ಕಣ್ಣು ಸಾಮಾನ್ಯವಾಗಿ ತಿಳಿನೀಲಿ. 2022ರ ಹಕ್ಕಿಜ್ವರದಿಂದ ಬದುಕುಳಿದ ಕೆಲವು ಹಕ್ಕಿಗಳ ಕಣ್ಣು ಕಪ್ಪಾಗಿರುವುದನ್ನು ವಿಜ್ಞಾನಿಗಳು ಅಲ್ಲಿಯೇ ಗುರುತಿಸಿದರು. 2014ರಲ್ಲಿ 75 ಸಾವಿರಕ್ಕೂ ಹೆಚ್ಚು ಗೂಡುಗಳಿದ್ದ ಆ ಬಂಡೆಯಲ್ಲಿ 2023ರ ಎಣಿಕೆಗೆ ಸಿಕ್ಕಿದ್ದು ಸುಮಾರು 52 ಸಾವಿರ. ಅಂತಹ ಕಪ್ಪು ಕಣ್ಣಿನ ಒಂದು ಚಿತ್ರ ನಿಮಗೆ ದೊರೆತರೆ ಅದು ಆ ದ್ವೀಪದ ಈಚಿನ ಚರಿತ್ರೆಯ ದಾಖಲೆಯೇ ಸರಿ.

ಬೋಟನ್ನು ಇನ್ನಷ್ಟು ಹತ್ತಿರ ಒಯ್ಯುವಂತೆ ಕೇಳಬೇಡಿ, ಹಕ್ಕಿ ಏಳಲೆಂದು ಚಪ್ಪಾಳೆ ತಟ್ಟಬೇಡಿ. ಗ್ಯಾನೆಟ್ ಮೊಟ್ಟೆಗೆ ಕಾವು ಕೊಡುವುದು ತನ್ನ ಜಾಲಪಾದಗಳಿಂದ. ಅದು ಬೆದರಿ ಥಟ್ಟನೆ ಎದ್ದರೆ ಮೊಟ್ಟೆ ಉರುಳಬಹುದು, ತೆರೆದ ಗೂಡಿಗೆ ಕಡಲಕ್ಕಿಗಳು (ಗಲ್‌ಗಳು) ಎರಗಬಹುದು. ಚಿತ್ರಕ್ಕಿಂತ ಗೂಡು ದೊಡ್ಡದು, ಈ ವಿಷಯದಲ್ಲಿ ನನಗೆ ರಾಜಿಯಿಲ್ಲ.

ಮಲ್ಪೆಯಲ್ಲಿ ಧಾರಾಳವಾಗಿ ಅಭ್ಯಾಸ ಮಾಡಬಹುದು. ಇಲ್ಲಿ ಗೂಡುಗಳ ನೆಲೆ ಸಿಗದಿದ್ದರೂ, ಲಡಾಖ್, ಟಿಬೆಟ್‌ನಂತಹ ಪ್ರಸ್ಥಭೂಮಿಗಳಲ್ಲಿ ಮರಿಮಾಡುವ ಕಂದುತಲೆಯ ಕಡಲಕ್ಕಿಗಳು ಚಳಿಗಾಲದಲ್ಲಿ ನಮ್ಮ ಕರಾವಳಿಗೆ ಬಂದಿರುತ್ತವೆ. ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಬೋಟಿನಲ್ಲಿ ನಿಂತು, ಧಕ್ಕೆಗೆ ಮರಳುವ ಮೀನುಗಾರಿಕಾ ಬೋಟುಗಳ ಬೆನ್ನು ಹತ್ತುವ ಬಿಳಿ ಹಕ್ಕಿಗಳನ್ನೂ ಗರುಡಗಳನ್ನೂ ಹಿಂಬಾಲಿಸಿ ನೋಡಿ. ಬಿಳಿ ಹಕ್ಕಿ, ಅಲುಗುವ ನೆಲೆ, ಹೊಳೆಯುವ ನೀರು ಎಲ್ಲವೂ ಅಲ್ಲಿದೆ. ಮರಳಿನ ಮೇಲೆ ವಿಶ್ರಮಿಸುವ ಹಿಂಡನ್ನು ಮಾತ್ರ ಓಡಿಸಬೇಡಿ. ಬೋಟಿನಲ್ಲಿ ಲೆನ್ಸ್ ಬದಲಿಸದೆ, ಮನೆಗೆ ಬಂದ ದಿನವೇ ಸಿಹಿನೀರಿನಲ್ಲಿ ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಕ್ಯಾಮೆರಾದ ಹೊರಮೈಯ ಉಪ್ಪನ್ನು ಒರೆಸಿ. ಬೇಸಿಗೆ ಏರುತ್ತಿದ್ದಂತೆ ಈ ಕಡಲಕ್ಕಿಗಳು ಉತ್ತರಕ್ಕೆ ಹೊರಡುತ್ತವೆ, ಮಳೆಗಾಲದಲ್ಲಿ ದ್ವೀಪದ ಬೋಟುಗಳೂ ನಿಲ್ಲುತ್ತವೆ. ಹಾಗಾಗಿ ಮಾರ್ಚ್ ಕಳೆಯುವುದರೊಳಗೆ ಅಭ್ಯಾಸ ಮುಗಿಸಿಕೊಳ್ಳುವುದು ಒಳ್ಳೆಯದು.