ಹೂಬುಟ್ಟಿಯ ಬಿರುಕು ಹೇಳುವ ಸಾಕ್ಷಿ

ಪ್ರಶ್ನೆ: ನನ್ನ ಬಳಿ 18ನೇ ಶತಮಾನದ, ಲಂಡನ್ನಿನಲ್ಲಿ ಅಚ್ಚಾದ ಪುಸ್ತಕವಿದೆ. ಮುದ್ರಕನ ಹೆಸರಿಲ್ಲ. ಅಧ್ಯಾಯದ ತಲೆಯಲ್ಲಿರುವ ಹೂಬುಟ್ಟಿಯ ಚಿತ್ತಾರವನ್ನೇ ಮುದ್ರಕನ ಹೆಸರಿರುವ ಇನ್ನೊಂದು ಪುಸ್ತಕದಲ್ಲೂ ಕಂಡೆ. ಎರಡೂ ಅವನ ಕೆಲಸವೇ?

ಉತ್ತರ: ಇರಬಹುದು, ಆದರೆ ಹೋಲಿಕೆಯೊಂದೇ ಸಾಲದು. ಚಿತ್ತಾರ ಮರದಲ್ಲಿ ಕೆತ್ತಿದ್ದೋ ಲೋಹದಲ್ಲಿ ಎರಕ ಹೊಯ್ದದ್ದೋ ಎಂಬುದನ್ನು ಮೊದಲು ನೋಡಿ. ಒಂದೇ ಪುಟ್ಟ ಹೂವು ಸಾಲಾಗಿ ಮರುಕಳಿಸಿ, ನಡುನಡುವೆ ಕೂದಲೆಳೆಯಷ್ಟು ಸಂದು ಕಂಡರೆ ಅವು ಎರಕ ಹೊಯ್ದ ಅಚ್ಚುಮೊಳೆಗಳು, ಅಂದರೆ ಅಕ್ಷರಗಳಂತೆ ಜೋಡಿಸುವ ಲೋಹದ ತುಂಡುಗಳು. ಅವನ್ನು ಯಾವ ಅಚ್ಚುಕೂಟವೂ ಕೊಳ್ಳಬಹುದಿತ್ತು. ಫ್ರಾನ್ಸಿನ ಅಚ್ಚುಮೊಳೆ ಕೆತ್ತನೆಗಾರ ರಾಬರ್ಟ್ ಗ್ರಾಂಜೋನ್ 16ನೇ ಶತಮಾನದಲ್ಲಿ ಕೆತ್ತಿದ ಎಲೆಬಳ್ಳಿಗಳು ಹಲವು ದೇಶಗಳಿಗೆ ಹರಡಿದ್ದವು. ಅಂಥವನ್ನು ಹಿಡಿದು ಮುದ್ರಕನನ್ನು ಹುಡುಕುವುದು ವ್ಯರ್ಥ.

ನಿಮ್ಮ ಹೂಬುಟ್ಟಿ ಮರದ ಬ್ಲಾಕ್ ಆಗಿದ್ದರೆ ಅದೃಷ್ಟ. ಭೂತಗನ್ನಡಿ ಹಿಡಿದು ಅದರ ಊನಗಳನ್ನು ಹುಡುಕಿ: ಅಂಚಿನ ಗೆರೆಯಲ್ಲಿ ತುಂಡು, ಮರದ ಎಳೆಗುಂಟ ಸಾಗುವ ಬಿಳಿ ಸೀಳು, ಕಪ್ಪು ಭಾಗದಲ್ಲಿ ಹುಳು ಕೊರೆದ ದುಂಡನೆಯ ಚುಕ್ಕೆ. ವಿನ್ಯಾಸವನ್ನು ಯಾರಾದರೂ ನಕಲು ಮಾಡಿಯಾರು. ಎಲ್ಲಿ ಕೊರೆಯಬೇಕೆಂದು ಹುಳುವಿಗೆ ಹೇಳಿಕೊಡುವವರಿಲ್ಲ. ಎರಡು ಪುಸ್ತಕಗಳಲ್ಲೂ ಅದೇ ಊನ ಅದೇ ಜಾಗದಲ್ಲಿದ್ದರೆ ಬ್ಲಾಕ್ ಒಂದೇ ಎನ್ನಲು ಬಲ ಬರುತ್ತದೆ. ಸೀಳು ಸಾಮಾನ್ಯವಾಗಿ ಹಿಗ್ಗುತ್ತದೆಯೇ ಹೊರತು ಕೂಡಿಕೊಳ್ಳುವುದಿಲ್ಲ, ಹಾಗಾಗಿ ಯಾವ ಪುಸ್ತಕ ಮೊದಲು ಅಚ್ಚಾಯಿತೆಂಬ ಸುಳಿವೂ ಸಿಗುತ್ತದೆ. ಮಸಿ ಹೆಚ್ಚಾದ ಪುಟದಲ್ಲಿ ಮಾತ್ರ ಸಣ್ಣ ಸೀಳು ಮುಚ್ಚಿಹೋಗಿರುತ್ತದೆ, ಎಚ್ಚರ. ಅಳತೆಯಲ್ಲಿ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಬಂದರೆ ಗಾಬರಿ ಬೇಡ. ಆಗ ಒದ್ದೆ ಕಾಗದದ ಮೇಲೆ ಅಚ್ಚು ಹಾಕುತ್ತಿದ್ದರು. ಒಣಗಿದಾಗ ಅದು ಕುಗ್ಗುತ್ತಿತ್ತು. ಚಿತ್ತಾರ ಎಡಬಲ ತಿರುಗಿದ್ದರೆ ಅದು ಇನ್ನೊಬ್ಬನು ಕೆತ್ತಿದ ನಕಲಾಗಿರುವ ಸಾಧ್ಯತೆ ಹೆಚ್ಚು. ಅಚ್ಚಾದ ಚಿತ್ರವನ್ನು ನೋಡಿದಂತೆಯೇ ಮರದ ಮೇಲೆ ಕೆತ್ತಿದರೆ ಅಚ್ಚಿನಲ್ಲಿ ತಿರುವುಮುರುವಾಗಿ ಬೀಳುತ್ತದೆ.

ಈ ದಾರಿ ನಂಬಲರ್ಹ. ಕಾದಂಬರಿಕಾರನೂ ಆಗಿದ್ದ ಲಂಡನ್ ಮುದ್ರಕ ಸ್ಯಾಮ್ಯುಯೆಲ್ ರಿಚರ್ಡ್ಸನ್ ಅಚ್ಚು ಹಾಕಿದ ಅನೇಕ ಪುಸ್ತಕಗಳಲ್ಲಿ ಅವನ ಹೆಸರಿಲ್ಲ. ಅವುಗಳಲ್ಲಿ ಬಹಳಷ್ಟನ್ನು ಪತ್ತೆಹಚ್ಚಿದ್ದು ಇಂಥ ಚಿತ್ತಾರಗಳಿಂದಲೇ.

ಆದರೂ ಒಂದು ಬ್ಲಾಕ್ ನಂಬಿ ತೀರ್ಪು ಕೊಡಬೇಡಿ. ಬ್ಲಾಕುಗಳನ್ನು ಎರವಲು ಕೊಡುತ್ತಿದ್ದರು, ಮಾರುತ್ತಿದ್ದರು, ಮುದ್ರಕ ಸತ್ತಾಗ ಅವು ಉತ್ತರಾಧಿಕಾರಿಗೆ ಸೇರುತ್ತಿದ್ದವು. ನಿಮ್ಮ ಪುಸ್ತಕದ ಇತರ ಚಿತ್ತಾರಗಳನ್ನೂ ಅಲಂಕೃತ ಮೊದಲಕ್ಷರಗಳನ್ನೂ ಪಟ್ಟಿ ಮಾಡಿ, ಅದೇ ಒಂದೆರಡು ವರ್ಷಗಳಲ್ಲಿ ಆ ಮುದ್ರಕ ಹೆಸರು ಹಾಕಿ ಹೊರತಂದ ಪುಸ್ತಕಗಳಲ್ಲಿ ಹುಡುಕಿ. ಮೂರ್ನಾಲ್ಕು ಕೂಡಿಬಂದರೆ ಅವನ ಹೆಸರು ಬರೆಯಬಹುದು. ಅವು ಪುಸ್ತಕದ ಮೊದಲರ್ಧದಲ್ಲಷ್ಟೇ ಸಿಕ್ಕರೆ ಆ ಅರ್ಧಕ್ಕಷ್ಟೇ ಬರೆಯಿರಿ. ದೊಡ್ಡ ಪುಸ್ತಕಗಳನ್ನು ಎರಡು ಮೂರು ಅಚ್ಚುಕೂಟಗಳು ಹಂಚಿಕೊಳ್ಳುತ್ತಿದ್ದುದು ಸಾಮಾನ್ಯ.